ನಾಲ್ಕು ಕೆಜಿ ಕೈಮಾದಲ್ಲಿ ಪಾಸ್ತಾ ಸಾಸ್: ಒಂದೇ ಸಲಕ್ಕೆ ಮಾಡಿಡುವುದು ಹೇಗೆ?

ಪ್ರಶ್ನೆ: ಮೈಸೂರು ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮಕ್ಕಳಿಬ್ಬರಿಗೂ ಪಾಸ್ತಾ ಎಂದರೆ ಪ್ರಾಣ. ಮಗಳು ಹಾಸ್ಟೆಲಿನಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಾಳೆ, ಮಗ ಹತ್ತನೇ ತರಗತಿಯಲ್ಲಿದ್ದಾನೆ, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಏಳಕ್ಕೆ ಮನೆ ಸೇರಿ ಮಾಂಸದ ಸಾಸ್ ಮಾಡಲು ಕುಳಿತರೆ ಊಟಕ್ಕೆ ಹತ್ತು ಗಂಟೆಯಾಗುತ್ತದೆ. ಆದ್ದರಿಂದ ಒಂದು ಭಾನುವಾರ ಹೆಚ್ಚಿನ ಪ್ರಮಾಣದಲ್ಲಿ ಮಾಡಿ ಫ್ರೀಜರಿನಲ್ಲಿ ಇಟ್ಟುಬಿಟ್ಟರೆ ಎರಡು ತಿಂಗಳ ಚಿಂತೆ ಕಳೆಯಿತು ಎಂದು ಲೆಕ್ಕ ಹಾಕಿದೆ. ಅರ್ಧ ಕೆಜಿ ಕೈಮಾದಲ್ಲಿ ಮಾಡಿದಾಗಲೆಲ್ಲ ಚೆನ್ನಾಗಿಯೇ ಬರುತ್ತಿದ್ದ ಸಾಸನ್ನು ನಾಲ್ಕು ಕೆಜಿಯಲ್ಲಿ ಮಾಡಲು ಹೋಗಿ, ಎಲ್ಲ ಅಳತೆಗಳನ್ನೂ ಎಂಟರಿಂದ ಗುಣಿಸಿ, ಒಟ್ಟಿನಲ್ಲಿ ಇಡೀ ದಿನವನ್ನೂ ಮಾಂಸವನ್ನೂ ಹಾಳುಮಾಡಿಕೊಂಡೆ.

ನಡೆದದ್ದು ಹೀಗೆ. ಬನ್ನೂರು ಕುರಿಯ ಮಾಂಸವನ್ನು ಅಂಗಡಿಯಲ್ಲೇ ನುಣ್ಣಗೆ ಕೈಮಾ ಮಾಡಿಸಿ ತಂದೆ. ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವ ದೊಡ್ಡ ಪಾತ್ರೆಯಲ್ಲಿ ಈರುಳ್ಳಿ ಹುರಿದು, ನಾಲ್ಕೂ ಕೆಜಿಯನ್ನು ಒಟ್ಟಿಗೆ ಸುರಿದೆ. ಐದೇ ನಿಮಿಷದಲ್ಲಿ ಮಾಂಸ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ತಿರುಗಿ, ಗಂಜಿಯಲ್ಲಿ ಮುಳುಗಿದ ಹಾಗೆ ಕೊತಕೊತ ಕುದಿಯತೊಡಗಿತು. ಆ ನೀರು ಇಂಗುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಬಳಿಕ ಆರು ಕೆಜಿ ನಾಟಿ ಟೊಮ್ಯಾಟೊವನ್ನು ಮಿಕ್ಸಿಯಲ್ಲಿ ರುಬ್ಬಿ ಹಾಕಿ ನಾಲ್ಕು ಗಂಟೆ ಕುದಿಸಿದೆ. ಸಾಸ್ ಹುಳಿಯಾಗಿ, ತಳ ಹಿಡಿದು, ಸೀದ ವಾಸನೆ ಮೇಲಿನವರೆಗೂ ಹತ್ತಿತು. ಇಷ್ಟು ಸಾಲದೆಂಬಂತೆ, ರಾತ್ರಿ ಹತ್ತಕ್ಕೆ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಮೇಲೆ ಬೆರಳು ದಪ್ಪದ ಬಿಳಿ ಕೊಬ್ಬಿನ ಪದರ. ಅದನ್ನು ಒಡೆದು ಸೌಟು ಇಳಿಸಿದರೆ ನಡುಭಾಗ ಇನ್ನೂ ಉಗುರು ಬೆಚ್ಚಗಿತ್ತು. ಬಿಸಿ ಮಾಡಿ ತಿಂದಾಗ ಕೊಬ್ಬು ಅಂಗುಳಿಗೆ ಮೇಣದಂತೆ ಅಂಟುತ್ತಿತ್ತು.

ನೀರು ಬಿಡದಂತೆ ಅಷ್ಟು ಮಾಂಸವನ್ನು ಹುರಿಯುವುದು ಹೇಗೆ, ಹುಳಿಯನ್ನು ತಗ್ಗಿಸುವುದು ಹೇಗೆ, ಈ ಕೊಬ್ಬಿಗೆ ಏನು ಮಾಡಬೇಕು ಎಂಬುದನ್ನು ತಿಳಿದವರು ಹೇಳಬೇಕು. ಇನ್ನೊಂದು ಪ್ರಶ್ನೆ ನಮ್ಮ ಅತ್ತೆಯವರದು. ಉಪ್ಪಿನಕಾಯಿಯಂತೆ ಗಾಜಿನ ಬಾಟಲಿಗೆ ತುಂಬಿ ಮೇಲೆ ಎಣ್ಣೆ ನಿಲ್ಲಿಸಿ ಹೊರಗೇ ಇಡಬಾರದೇ, ಫ್ರೀಜರಿನಲ್ಲಿ ಜಾಗವಾದರೂ ಉಳಿಯುತ್ತದೆ ಎನ್ನುತ್ತಾರೆ. ಆ ದಿನದ ಸಾಸಿನಲ್ಲಿ ಅರ್ಧ ಇನ್ನೂ ಫ್ರೀಜರಿನಲ್ಲಿದೆ. ಅದನ್ನು ಉಪಯೋಗಿಸಬಹುದೇ ಎಂಬುದನ್ನೂ ತಿಳಿಸಿ.

ಉತ್ತರ 1: ಬೊಲೊನ್ಯದಿಂದ

ತಾವು ಎಲ್ಲವನ್ನೂ ಎಂಟರಿಂದ ಗುಣಿಸಿದಿರಿ, ಪಾತ್ರೆಯ ಬಾಯನ್ನು ಮಾತ್ರ ಗುಣಿಸಲಾಗಲಿಲ್ಲ. 20 ಸೆಂಟಿಮೀಟರ್ ಅಗಲದ ಪಾತ್ರೆಯಿಂದ 30 ಸೆಂಟಿಮೀಟರ್ ಅಗಲದ ಪಾತ್ರೆಗೆ ಹೋದರೆ ತಳದ ವಿಸ್ತಾರ, ಹಾಗೆಯೇ ಹಬೆ ಹೊರಹೋಗುವ ಬಾಯಿಯ ವಿಸ್ತಾರ, ಎರಡೂಕಾಲು ಪಟ್ಟಾಗುತ್ತದೆ ಅಷ್ಟೇ; ಒಳಗೆ ಬಿದ್ದ ಪದಾರ್ಥವಾದರೋ ಎಂಟು ಪಟ್ಟು. ಒಲೆಯ ಉರಿಯೂ ಮೊದಲಿನದೇ. ಮಾಂಸ ಬಿಟ್ಟ ನೀರು ಆರಿಹೋಗುವುದಕ್ಕೆ ದಾರಿಯೇ ಇಲ್ಲದೆ ಅಲ್ಲೇ ನಿಲ್ಲುತ್ತದೆ, ನೀರು ನಿಂತಿರುವಷ್ಟು ಹೊತ್ತು ಪಾತ್ರೆಯೊಳಗಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಹುರಿದ ಪರಿಮಳ ಬರಬೇಕಾದರೆ ಅದರ ಮೈ ಸುಮಾರು 140 ಡಿಗ್ರಿಯಾದರೂ ಬಿಸಿಯಾಗಬೇಕು.

ಆದ್ದರಿಂದ ಹುರಿಯುವ ಕೆಲಸವನ್ನು ದೊಡ್ಡ ಪಾತ್ರೆಯಲ್ಲಿ ಮಾಡಲೇಬೇಡಿ. ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಒಂದು ಸಲಕ್ಕೆ ಅರ್ಧ ಕೆಜಿಯಷ್ಟನ್ನೇ ಹರಡಿ, ಹರಡಿದ ಮೇಲೆ ಎರಡು ಮೂರು ನಿಮಿಷ ಕೈಯಾಡಿಸದೆ ಬಿಡಿ. ಇಟಲಿಯ ಈ ಊರಿನಲ್ಲಿ ನಾನು ಮೊದಲು ಬಾಡಿಗೆಗಿದ್ದ ಮನೆಯ ಅಜ್ಜಿ ಈ ಹಂತದಲ್ಲಿ ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ, ಬೆನ್ನು ತಿರುಗಿಸಿ ಕ್ಯಾರೆಟ್ ಹೆಚ್ಚುತ್ತ ಕಿವಿಯಲ್ಲೇ ಅಡುಗೆ ಮಾಡುತ್ತಿದ್ದರು. ಮೊದಲು ಬುಸುಬುಸು ಎನ್ನುವ ಹಸಿ ಸದ್ದು, ಅದು ಇಳಿದು ಒಗ್ಗರಣೆಯ ಸಾಸಿವೆಯಂತೆ ಚಟಚಟ ಶುರುವಾದಾಗ ಮಾತ್ರ ತಿರುಗಿ ಬಂದು ಸೌಟು ಹಾಕುತ್ತಿದ್ದರು. ಹೀಗೆ ಹುರಿದದ್ದನ್ನು ದೊಡ್ಡ ಪಾತ್ರೆಗೆ ವರ್ಗಾಯಿಸಿ, ಬಾಣಲೆಯ ತಳಕ್ಕೆ ಅಂಟಿದ ಕಂದು ಕಸರನ್ನು ಒಂದು ಸೌಟು ನೀರೋ ಮಾಂಸದ ರಸವೋ ಹಾಕಿ ಕೆರೆದು ಅದಕ್ಕೇ ಸೇರಿಸಿ. ಸಾಸಿನ ರುಚಿಯೆಲ್ಲ ಆ ಕೆರೆತದಲ್ಲಿದೆ. ಎಂಟು ಸಲ ಹುರಿಯಬೇಕು, ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು, ಇದಕ್ಕೆ ಅಡ್ಡದಾರಿಯಿಲ್ಲ. ಕೈಮಾವನ್ನು ನುಣ್ಣಗೆ ಮಾಡಿಸದೆ ದೊಡ್ಡ ಕಣ್ಣಿನ ಜಾಲರಿಯಲ್ಲಿ ಒಂದೇ ಸಲ ಹಾಯಿಸಲು ಹೇಳಿದರೆ ನೀರು ಬಿಡುವುದೂ ಕಡಿಮೆಯಾಗುತ್ತದೆ.

ಇನ್ನು ಹುಳಿಯ ವಿಚಾರ. ನಾಲ್ಕು ಕೆಜಿ ಮಾಂಸಕ್ಕೆ ಆರು ಕೆಜಿ ಟೊಮ್ಯಾಟೊ ಎಂದು ಓದಿ ನಾನು ಬೆಚ್ಚಿದೆ. ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಇಟಲಿಯ ಪಾಕ ಅಕಾಡೆಮಿ 1982ರ ಅಕ್ಟೋಬರ್ 17ರಂದು ಬೊಲೊನ್ಯದ ರಾಗೂವಿನ, ಎಂದರೆ ಈ ಮಾಂಸದ ಸಾಸಿನ, ವಿಧಾನವನ್ನು ದಾಖಲೆ ಮಾಡಿಸಿ, 2023ರ ಏಪ್ರಿಲಿನಲ್ಲಿ ಅದನ್ನು ಪರಿಷ್ಕರಿಸಿತು. ಈಗಿನ ಪಾಠದಂತೆ 400 ಗ್ರಾಂ ದನದ ಕೈಮಾ ಮತ್ತು 150 ಗ್ರಾಂ ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಸೋಸಿದ ಟೊಮ್ಯಾಟೊ ಕೇವಲ 200 ಗ್ರಾಂ, ಜೊತೆಗೆ ಒಂದು ಚಮಚ ಗಟ್ಟಿ ಟೊಮ್ಯಾಟೊ ಪೇಸ್ಟ್. ಈರುಳ್ಳಿ, ಕ್ಯಾರೆಟ್, ಸೆಲೆರಿ ತಲಾ 60 ಗ್ರಾಂ. ಎಂದರೆ ಮಾಂಸವೇ ಟೊಮ್ಯಾಟೊವಿನ ಎರಡೂವರೆ ಪಟ್ಟಿಗಿಂತ ಹೆಚ್ಚು. 1891ರಲ್ಲಿ ಪ್ರಕಟವಾದ, ಇಟಲಿಯ ಲೇಖಕ ಅರ್ತೂಸಿಯವರ ಅಡುಗೆ ಪುಸ್ತಕದಲ್ಲಿ ಬೊಲೊನ್ಯದ ಹೆಸರಿನಲ್ಲಿರುವ ಸಾಸಿಗಂತೂ ಟೊಮ್ಯಾಟೊವೇ ಇಲ್ಲ. ನಾವು ಹೊರಗಿನವರು ಇದನ್ನು ಮಾಂಸ ಹಾಕಿದ ಟೊಮ್ಯಾಟೊ ಗೊಜ್ಜು ಎಂದುಕೊಂಡಿದ್ದೇವೆ. ಇಲ್ಲಿಯವರಿಗೆ ಇದು ಟೊಮ್ಯಾಟೊ ಸೋಕಿಸಿದ ಮಾಂಸ.

ತಮ್ಮ ನಾಲ್ಕು ಕೆಜಿಗೆ ಒಂದೂವರೆ ಕೆಜಿ ಸೋಸಿದ ಟೊಮ್ಯಾಟೊ, ಏಳು ಚಮಚ ಪೇಸ್ಟ್, ಮೂರೂ ತರಕಾರಿ ತಲಾ 450 ಗ್ರಾಂ ಸಾಕು. ಹುಳಿ ಹೆಚ್ಚಿರುವ ನಾಟಿ ಟೊಮ್ಯಾಟೊವನ್ನು ಸಾರಿಗೆ ಉಳಿಸಿಕೊಂಡು, ಇದಕ್ಕೆ ದಪ್ಪ ತೊಗಲಿನ, ತಿರುಳು ಹೆಚ್ಚಿರುವ ಹೈಬ್ರಿಡ್ ಹಣ್ಣನ್ನು ಬೇಯಿಸಿ ಸಿಪ್ಪೆ ಬೀಜ ಸೋಸಿ ಬಳಸಿ. ಸೆಲೆರಿ ಸಿಗದಿದ್ದರೆ ಬಿಟ್ಟುಬಿಡಿ, ಅದರ ಬದಲು ಕೊತ್ತಂಬರಿ ದಂಟು ಹಾಕಿದರೆ ಸಾಗುವಿನ ವಾಸನೆ ಬಂದೀತು. ವೈನ್ ಅಥವಾ ಮಾಂಸದ ರಸವನ್ನು ಮಾತ್ರ ಗುಣಿಸಿದ್ದರಲ್ಲಿ ಅರ್ಧದಷ್ಟೇ ಹಾಕಿ, ಏಕೆಂದರೆ ದೊಡ್ಡ ಪಾತ್ರೆಯಿಂದ ಆರಿಹೋಗುವುದು ಕಡಿಮೆ. ಬೇಕಾದರೆ ಮುಂದೆ ಬಿಸಿನೀರು ಸೇರಿಸಬಹುದು, ಹಾಕಿದ್ದನ್ನು ತೆಗೆಯಲಾಗದು. ಅರ್ಧ ಬೆಂದ ಮೇಲೆ ಎರಡು ಮೂರು ಲೋಟ ಗಟ್ಟಿ ಹಾಲನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿದರೆ ಉಳಿದ ಹುಳಿಯೂ ಮೃದುವಾಗುತ್ತದೆ. ಮೊದಲ ಕ್ಷಣ ಹಾಲು ಒಡೆದಂತೆ ಕಂಡರೆ ಗಾಬರಿಯಾಗಬೇಡಿ, ಮುಂದಿನ ಒಂದು ಗಂಟೆಯಲ್ಲಿ ಅದು ಸಾಸಿನಲ್ಲಿ ಕರಗಿಹೋಗುತ್ತದೆ.

ಬೇಯಿಸುವುದು ಮಾತ್ರ ಎಲ್ಲವೂ ಒಟ್ಟಿಗೆ, ಮೂರು ಗಂಟೆ, ಅತಿ ಸಣ್ಣ ಉರಿಯಲ್ಲಿ. ನೇಪಲ್ಸಿನವರ ರಾಗೂ ಬೇರೆ ಬಗೆಯದು, ದೊಡ್ಡ ದೊಡ್ಡ ತುಂಡುಗಳದ್ದು. ಆದರೆ ಸಾಸ್ ಹೇಗೆ ಕುದಿಯಬೇಕು ಎಂಬುದಕ್ಕೆ ಅವರಲ್ಲಿ ‘ಪಿಪ್ಪಿಯಾರೆ’ ಎಂಬ ಸೊಗಸಾದ ಸದ್ದಿನ ಮಾತಿದೆ. ಕೊತಕೊತ ಅಲ್ಲ, ಬುಳುಕ್ ಎಂದು ಒಂದು ಗುಳ್ಳೆ, ತುಸು ಬಿಡುವು, ಮತ್ತೊಂದು ಗುಳ್ಳೆ. ನಮ್ಮ ಗ್ಯಾಸ್ ಒಲೆಯಲ್ಲಿ ಅಷ್ಟು ಸಣ್ಣ ಉರಿ ನಿಲ್ಲುವುದಿಲ್ಲವಾದರೆ ಪಾತ್ರೆಯ ಕೆಳಗೆ ಹಳೆಯ ದೋಸೆ ಕಾವಲಿಯೊಂದನ್ನು ಇಡಿ, ತಳ ಹಿಡಿಯುವ ತೊಂದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕುರಿಮಾಂಸದಲ್ಲಿ ಮಾಡಿದ್ದಕ್ಕೆ ಸಂಕೋಚ ಬೇಡ. ಇಟಲಿಯಲ್ಲೇ ಕುರಿಗಾಹಿಗಳ ಸೀಮೆಯಾದ ಅಬ್ರುತ್ಸೋದಲ್ಲಿ ಕುರಿಮರಿಯ ರಾಗೂವನ್ನು ಬಹಳ ಕಾಲದಿಂದ ಮಾಡುತ್ತಾರೆ. ತಂತಿ ಬಿಗಿದ ಮರದ ಚೌಕಟ್ಟಿನ ಮೇಲೆ ಒತ್ತಿ ಕತ್ತರಿಸಿದ ಪಾಸ್ತಾದೊಂದಿಗೆ ಅದನ್ನು ಬಡಿಸುವುದುಂಟು. ಬೊಲೊನ್ಯದ ದಾಖಲೆಯಲ್ಲಿ ಬೆಳ್ಳುಳ್ಳಿಗೆ ಜಾಗವಿಲ್ಲ, ಆದರೆ ಕುರಿಯಾದರೆ ನಾನು ಬೆಳ್ಳುಳ್ಳಿಯನ್ನೂ ಒಂದು ಕಡ್ಡಿ ರೋಸ್‌ಮೆರಿಯನ್ನೂ ಬಿಡುವುದಿಲ್ಲ.

ಕೊಬ್ಬಿನ ಬಗ್ಗೆ ಒಂದು ಮಾತು. ಬನ್ನೂರು ಕುರಿಗೆ ಹೆಸರು ಬಂದಿರುವುದೇ ಅದರ ಕೊಬ್ಬಿನಿಂದ, ಬಿಸಿ ಸಾರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕುರಿಯ ಕೊಬ್ಬು ನಮ್ಮ ಬಾಯಿಯ ಶಾಖಕ್ಕಿಂತ ಹೆಚ್ಚಿನ ಶಾಖದಲ್ಲಿ ಕರಗುವಂಥದ್ದು, ಹಾಗಾಗಿ ತಟ್ಟೆ ಸ್ವಲ್ಪ ಆರಿದರೂ ಅಂಗುಳಿಗೆ ಮೆತ್ತುತ್ತದೆ. ತೊಡೆಯ ಮಾಂಸವನ್ನು ಆರಿಸಿ, ಮೇಲಿನ ಕೊಬ್ಬನ್ನು ತೆಗೆಸಿದ ಬಳಿಕವೇ ಕೈಮಾ ಮಾಡಿಸಿ. ಉಳಿದದ್ದು ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದರೆ ತಾನಾಗಿ ಮೇಲೆ ಹೆಪ್ಪುಗಟ್ಟುತ್ತದೆ. ತಾವು ಅದನ್ನು ಒಡೆದು ಒಳಗೆ ಕಲಸಿದಿರಿ, ಹಾಗೆ ಮಾಡದೆ ಬಿಲ್ಲೆಯಂತೆ ಎತ್ತಿ ತೆಗೆಯಬೇಕಿತ್ತು.

ಉತ್ತರ 2: ಮಡಿಕೇರಿ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಮೂರು ಗಂಟೆಯ ವಿಚಾರವೊಂದನ್ನು ಬಿಟ್ಟು. ಮನೆಯಲ್ಲಿ ದೊಡ್ಡ ಪ್ರೆಶರ್ ಕುಕ್ಕರ್ ಇರುವಾಗ ಅಷ್ಟು ಗ್ಯಾಸ್ ಏಕೆ ಸುಡಬೇಕು? ನಾನು ಕೈಮಾ ಮಾಡಿಸುವುದೇ ಇಲ್ಲ. ಮುಂಗಾಲಿನ ಮಾಂಸವನ್ನು ನಿಂಬೆಹಣ್ಣಿನ ಗಾತ್ರದ ತುಂಡುಗಳಾಗಿಯೇ ಕಂದಾಗುವಂತೆ ಹುರಿದು, ತರಕಾರಿ, ಟೊಮ್ಯಾಟೊ ಸೇರಿಸಿ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸುತ್ತೇನೆ. ಆವಿ ತಾನಾಗಿ ಇಳಿದ ಮೇಲೆ ತುಂಡುಗಳನ್ನು ಎರಡು ಫೋರ್ಕಿನಿಂದ ಎಳೆಎಳೆಯಾಗಿ ಬಿಡಿಸಿ, ಮುಚ್ಚಳವಿಲ್ಲದೆ ಮುಕ್ಕಾಲು ಗಂಟೆ ಇಂಗಿಸಿದರೆ ಸಾಸ್ ಸಿದ್ಧ. ದೊಡ್ಡ ತುಂಡುಗಳನ್ನು ಹುರಿಯುವುದು ಕೈಮಾಕ್ಕಿಂತ ಸುಲಭ, ನೀರು ಬಿಡುವುದೂ ಕಡಿಮೆ. ಕುಕ್ಕರನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಮನೆಯಲ್ಲಿ ಹಂದಿಮಾಂಸ ತಿನ್ನುವವರಿದ್ದರೆ ಮೂರನೇ ಒಂದು ಪಾಲು ಅದನ್ನು ಬೆರೆಸಿ ನೋಡಿ. ಹಂದಿಯ ಕೊಬ್ಬು ಮೃದು, ಬಾಯಲ್ಲಿ ಮೇಣವಾಗುವುದಿಲ್ಲ. ಒಮ್ಮೆ ಉತ್ಸಾಹದಲ್ಲಿ ಎರಡು ಚಮಚ ಕಾಚಂಪುಳಿಯನ್ನೂ ಹಾಕಿದ್ದೆ. ಆ ದಿನ ಆದದ್ದು ಪಾಸ್ತಾ ಸಾಸ್ ಅಲ್ಲ, ಪಂದಿ ಕರಿ. ನಾವು ಅದನ್ನು ಕಡಂಬುಟ್ಟಿನ ಜೊತೆ ತಿಂದು ಮುಗಿಸಿದೆವು.

ಉತ್ತರ 3: ಸೂಕ್ಷ್ಮಜೀವಿ ಪಾಠದ ಮೇಷ್ಟ್ರು

ರುಚಿಯ ಬಗ್ಗೆ ಬಲ್ಲವರು ಹೇಳಿದ್ದಾರೆ. ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯದೇ ಸಾಲು, ಬೆಳಿಗ್ಗೆಯೂ ನಡುಭಾಗ ಉಗುರು ಬೆಚ್ಚಗಿತ್ತು ಎಂಬುದು.

ಕುದಿಸಿದ ಮಾಂಸದಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದರ ಬೀಜಾಣುಗಳು ಕುದಿಯುವ ಶಾಖವನ್ನು ತಾಳಿಕೊಂಡು ಉಳಿಯಬಲ್ಲವು. ಸಾಸ್ ಆರುತ್ತಾ 60 ಡಿಗ್ರಿಗಿಂತ ಕೆಳಗಿಳಿದಾಗ ಅವು ಮೊಳೆಯುತ್ತವೆ, 43ರಿಂದ 47 ಡಿಗ್ರಿಯ ನಡುವೆ ಅತ್ಯಂತ ವೇಗವಾಗಿ ಹೆಚ್ಚುತ್ತವೆ. ಹತ್ತು ಲೀಟರಿನ ಪಾತ್ರೆಯೊಳಗೆ, ಗಾಳಿಯಾಡದ ಗಟ್ಟಿ ಮಾಂಸದ ನಡುವೆ, ಮೇಲೆ ಕೊಬ್ಬಿನ ಹೊದಿಕೆಯೊಂದಿಗೆ ಅವುಗಳಿಗೆ ಇಡೀ ರಾತ್ರಿ ಕಾವು ಕೊಟ್ಟಂತಾಯಿತು. ಈ ಬಗೆಯ ಹೊಟ್ಟೆನೋವು, ಭೇದಿ ಸಾಮಾನ್ಯವಾಗಿ ಉಂಡ 6ರಿಂದ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಅಂದು ತಿಂದವರಿಗೆ ಏನೂ ಆಗಿಲ್ಲವೆಂದರೆ ಸಂತೋಷ. ಆದರೆ ಫ್ರೀಜರಿನಲ್ಲಿರುವ ಉಳಿದರ್ಧವನ್ನು ದಯವಿಟ್ಟು ಚೆಲ್ಲಿಬಿಡಿ. ಅಷ್ಟು ಮಾಂಸವನ್ನು ಚೆಲ್ಲುವ ಸಂಕಟ ನನಗೆ ಗೊತ್ತು, ಆದರೂ ಬೇರೆ ಸಲಹೆ ಕೊಡಲಾರೆ.

ಮುಂದಿನ ಸಲ ಎರಡು ಗಂಟೆಯೊಳಗೆ 60ರಿಂದ 21 ಡಿಗ್ರಿಗೆ, ಆಮೇಲಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಯುವಂತೆ ನೋಡಿಕೊಳ್ಳಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಇದು ಸಾಧ್ಯ. ಒಲೆಯಿಂದ ಇಳಿಸಿದ ಕೂಡಲೇ ಸಾಸನ್ನು ಅಗಲವಾದ ಸ್ಟೀಲ್ ತಟ್ಟೆಗಳಿಗೆ ಎರಡು ಅಂಗುಲಕ್ಕಿಂತ ಎತ್ತರವಾಗದಂತೆ ಹಂಚಿ, ಸಿಂಕಿನಲ್ಲಿ ತಣ್ಣೀರು ಮತ್ತು ಐಸ್ ತುಂಬಿ ಅದರಲ್ಲಿ ಕೂರಿಸಿ, ಆಗಾಗ ಕೈಯಾಡಿಸಿ. ಬಿಸಿ ಆರಿದೊಡನೆ ತಟ್ಟೆಗಳನ್ನು ಬಿಡಿಬಿಡಿಯಾಗಿ ಫ್ರಿಜ್ಜಿಗೆ ಇಡಿ. ಮರುದಿನ ಕೊಬ್ಬು ತೆಗೆದು, ಒಂದು ಹೊತ್ತಿಗೆ ಬೇಕಾಗುವಷ್ಟನ್ನೇ ಜಿಪ್ ಚೀಲಗಳಲ್ಲಿ ತುಂಬಿ, ಗಾಳಿ ಒತ್ತಿ ಹೊರಹಾಕಿ, ಪುಸ್ತಕದಂತೆ ಚಪ್ಪಟೆಯಾಗಿ ಮಲಗಿಸಿ ಫ್ರೀಜ್ ಮಾಡಿ. ಹೀಗೆ ಮಾಡಿದರೆ ಜಾಗವೂ ಕಡಿಮೆ ಸಾಕು, ಕರಗುವುದೂ ಬೇಗ. ಫ್ರಿಜ್ಜಿನ ಕೆಳಭಾಗದಲ್ಲಾದರೆ ಮೂರು ನಾಲ್ಕು ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಾದರೆ ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಕರಗಿಸಿ, ಬಡಿಸುವ ಮುನ್ನ ಕುದಿ ಬರುವವರೆಗೆ ಬಿಸಿ ಮಾಡಬೇಕು. ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರ್ ಮುಚ್ಚಿದಂತೆಯೇ ಇದ್ದರೆ ಸುಮಾರು ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಣ್ಣಗಿರುತ್ತದೆ.

ಅತ್ತೆಯವರ ಸಲಹೆಗೆ ಗೌರವಪೂರ್ವಕವಾಗಿ ಬೇಡ ಎನ್ನುತ್ತೇನೆ. ಉಪ್ಪಿನಕಾಯಿಯನ್ನು ಕಾಪಾಡುವುದು ಅದರ ಉಪ್ಪು ಮತ್ತು ಹುಳಿ. ಎಣ್ಣೆಯದು ಸಹಾಯಕನ ಪಾತ್ರ. ಮಾಂಸದ ಸಾಸಿನಲ್ಲಿ ಅಷ್ಟು ಉಪ್ಪೂ ಇಲ್ಲ, ಮಾಂಸ ಸೇರಿದ ಮೇಲೆ ಟೊಮ್ಯಾಟೊವಿನ ಹುಳಿಯೂ ಸಾಲದು. ಮೇಲೆ ಎಣ್ಣೆ ನಿಲ್ಲಿಸಿದರೆ ಗಾಳಿ ತಪ್ಪಿ, ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷದ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಬೇಕಾದ ಜಾಗವನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ. ಅದರ ವಿಷಕ್ಕೆ ವಾಸನೆಯೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ಅಮೆರಿಕದಲ್ಲಿ ಮನೆಯಲ್ಲೇ ಬಾಟಲಿ ತುಂಬುವವರು ಅದಕ್ಕೆಂದೇ ತಯಾರಾದ ಪ್ರೆಶರ್ ಕ್ಯಾನರ್ ಬಳಸಿ, ಸುಮಾರು ಅರ್ಧ ಲೀಟರಿನ ಬಾಟಲಿಯನ್ನು 60 ನಿಮಿಷ ಒತ್ತಡದಲ್ಲಿಡುತ್ತಾರೆ. ಮಡಿಕೇರಿಯವರು ಹೇಳಿದ ಕುಕ್ಕರ್ ಬೇಯಿಸಲು ಸರಿ, ಬಾಟಲಿಗಳನ್ನು ಕ್ರಿಮಿರಹಿತಗೊಳಿಸಲು ಅದನ್ನು ನಂಬಬಾರದು.

ಮೈಸೂರು ಮನೆ, ಮೂರು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ಹಳೆಯದನ್ನು ಅಂದೇ ಚೆಲ್ಲಿದೆ. ಅತ್ತೆಯವರು ಒಂದು ದಿನ ಮಾತು ಕಡಿಮೆ ಮಾಡಿದರು, ಆಮೇಲೆ ಮೇಷ್ಟ್ರ ಉತ್ತರವನ್ನು ಓದಿ ಹೇಳಿದ ಮೇಲೆ ಸಮಾಧಾನಗೊಂಡರು.

ಕಳೆದ ಭಾನುವಾರ ಮತ್ತೆ ನಾಲ್ಕು ಕೆಜಿಯಲ್ಲಿ ಮಾಡಿದೆ. ಎಂಟು ಸಲ ಹುರಿಯುವಷ್ಟರಲ್ಲಿ ಒಂದೂಕಾಲು ಗಂಟೆ ಕಳೆಯಿತು, ಅಡುಗೆಮನೆಯ ಗೋಡೆಗೆಲ್ಲ ಜಿಡ್ಡು ಸಿಡಿಯಿತು, ಆದರೆ ಚಟಚಟ ಸದ್ದು ಮಾತ್ರ ಹೇಳಿದಂತೆಯೇ ಬಂತು. ಮೊದಲ ಎರಡು ಸಲ ಆತುರಪಟ್ಟು ಬೇಗ ಮಗುಚಿದ್ದೆ, ಮೂರನೆಯದರಿಂದ ಕೈ ಕಟ್ಟಿ ನಿಂತೆ. ದೋಸೆ ಕಾವಲಿಯ ಉಪಾಯದಿಂದ ತಳ ಹಿಡಿಯಲಿಲ್ಲ. ಮರುದಿನ ತಟ್ಟೆಗಳಿಂದ ಎತ್ತಿದ ಕೊಬ್ಬನ್ನು ತೂಗಿದರೆ 380 ಗ್ರಾಂ ಇತ್ತು, ಅದೂ ಮೇಲಿನ ಕೊಬ್ಬನ್ನೆಲ್ಲ ತೆಗೆಸಿದ ಮೇಲೆ! 450 ಗ್ರಾಂನ ಹತ್ತು ಚೀಲಗಳಾದವು. ಒಂದು ಚೀಲ ನಮ್ಮ ನಾಲ್ವರಿಗೆ ಸರಿಹೋಗುತ್ತದೆ. ಈಗ ಉಳಿದಿರುವುದು ಒಂದೇ ದೂರು. ಪಾಸ್ತಾದ ಮೇಲೆ ಸಾಸ್ ಸುರಿದರೆ ಅದು ಬೇರೆ, ಪಾಸ್ತಾ ಬೇರೆ ಎಂಬಂತೆ ನಿಲ್ಲುತ್ತದೆ. ಕೊನೆಗೆ ತಟ್ಟೆಯಲ್ಲಿ ಕೈಮಾ ಮಾತ್ರ ಉಳಿಯುತ್ತದೆ. ನಾನು ಬಳಸುವುದು ಸ್ಪಗೆಟಿ.

ಬೊಲೊನ್ಯದಿಂದ

ಸ್ಪಗೆಟಿಯ ನುಣುಪು ಮೈಗೆ ಕೈಮಾ ಹಿಡಿಯುವುದಿಲ್ಲ, ಈ ಊರಿನವರು ಈ ಜೋಡಿಯನ್ನು ಒಪ್ಪದಿರುವುದಕ್ಕೆ ಅದೂ ಒಂದು ಕಾರಣ. ಇಲ್ಲಿ ರಾಗೂವಿಗೆ ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ಅಗಲವಾದ ಪಟ್ಟಿಯಂಥ ಪಾಸ್ತಾ, ತಾಲ್ಯಾತೆಲ್ಲೆಯೇ ಆಗಬೇಕು. ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಅದನ್ನೂ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿಬಿಟ್ಟಿದ್ದಾರೆ. ತಮಗೆ ಅಷ್ಟು ನಿಷ್ಠೆ ಬೇಕಿಲ್ಲ. ಗೀರುಗಳಿರುವ ಪೆನ್ನೆ ತಂದರೆ ಕೈಮಾ ಕೊಳವೆಯೊಳಗೂ ಸೇರಿಕೊಳ್ಳುತ್ತದೆ. ಪಾಸ್ತಾವನ್ನು ಬಸಿದ ಮೇಲೆ ತಣ್ಣೀರಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಒಂದು ನಿಮಿಷ ಮುಂಚೆಯೇ ಬಸಿದು, ಬೇಯಿಸಿದ ನೀರನ್ನು ಒಂದು ಲೋಟ ಎತ್ತಿಟ್ಟುಕೊಂಡು, ಬಿಸಿ ಸಾಸಿನ ಬಾಣಲೆಗೇ ಪಾಸ್ತಾ ಹಾಕಿ, ಆ ಗಂಜಿನೀರನ್ನು ಸ್ವಲ್ಪಸ್ವಲ್ಪ ಚಿಮುಕಿಸುತ್ತ ಒಂದು ನಿಮಿಷ ಮಗುಚಿದರೆ ಎರಡೂ ಒಂದಾಗುತ್ತವೆ.

ಮಡಿಕೇರಿ

ಆ 380 ಗ್ರಾಂ ಕೊಬ್ಬನ್ನು ಚೆಲ್ಲಲಿಲ್ಲ ತಾನೇ? ಅದರಲ್ಲಿ ಆಲೂಗೆಡ್ಡೆ ಹುರಿದು, ಬಿಸಿಯಿರುವಾಗಲೇ ತಿನ್ನಿ.